ಮುಖ ಕಾಣುವ ಕಲ್ಲು

ಮಣಿಪಾಲದಲ್ಲಿ ಲೇಸರ್ ಪ್ರಯೋಗಾಲಯ ಕಟ್ಟಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಜೊತೆಗೆ ಸುರಕ್ಷತಾ ಅಧಿಕಾರಿ ಎಂಬ ಪದವಿಯೂ ಬಂತು. ಅದರಿಂದ ನನ್ನ ಗಂಟಲು ದೊಡ್ಡದಾಯಿತು. ಗೋಡೆಗಳಿಗೆ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆಸಿದೆ. ಬಾಗಿಲು ತೆರೆದ ಕೂಡಲೇ ಲೇಸರ್ ಆರುವಂತೆ ಸ್ವಿಚ್ ಕೂರಿಸಿದೆ. ಕಿರಣವು ಹೊಳೆಯುವ ವಸ್ತುವಿಗೆ ತಾಗಿದರೆ ಚಿಮ್ಮಿ ಕಣ್ಣಿಗೆ ಬರಬಹುದು. ಆದ್ದರಿಂದ ವಾಚು, ಉಂಗುರ, ಬಳೆ ಒಳಗೆ ತರಬಾರದು, ರಕ್ಷಣೆಯ ಕನ್ನಡಕ ತೆಗೆಯಬಾರದು ಎಂದು ಬೋರ್ಡು ಹಾಕಿದೆ. ಕಾಪುವಿನಿಂದ ದಿನವೂ ಬರುತ್ತಿದ್ದ ನಮ್ಮ ಟೆಕ್ನಿಷಿಯನ್ ಬೆಳಿಗ್ಗೆ ಬಳೆ ಕಳಚಿಟ್ಟು, ಸಂಜೆ ಹಾಕಿಕೊಂಡು ಹೋಗುತ್ತಿದ್ದರು. ಒಂದು ದಿನ ಅವರ ಮೂಗುತಿಯ ವಿಷಯವನ್ನೂ ಎತ್ತಿದೆ. ಅವರು ನೋಡಿದ ನೋಟಕ್ಕೆ ಅಲ್ಲಿಗೇ ಬಿಟ್ಟೆ.

ಕಷ್ಟವಾದದ್ದು ಮೇಜಿನದು. ಎದುರಿನ ರಸ್ತೆಯಲ್ಲಿ ಬಸ್ಸು ಹೋದರೂ ಅಲುಗದಷ್ಟು ಭಾರದ ಮೇಜು ಬೇಕಿತ್ತು. ವಿದೇಶದಿಂದ ಬರಲು ತಡವೆಂದರು. ಕಾರ್ಕಳದ ಕಲ್ಲಿರುವಾಗ ವಿದೇಶ ಯಾಕೆ ಎಂದು ನಾನೇ ಕಾರ್ಕಳಕ್ಕೆ ಹೋದೆ. ಕಲ್ಲು ಕೊಯ್ಯುವವರು ಕೇಳಿದರು.

"ಮೆಷಿನ್ ಇಡ್ಲಿಕ್ಕಲ್ವಾ ಸಾರ್? ಪಾಲಿಶ್ ಎಂತಕ್ಕೆ? ಹೀಗೇ ಒರಟು ಇರ್ಲಿ."

ನನಗೆ ಅವಮಾನವಾಯಿತು. ನಮ್ಮ ಕಡೆ ಹೊಸ ಮನೆಯ ಒಕ್ಕಲಿಗೆ ಹೋದವರು ಮೊದಲು ನೋಡುವುದೇ ಅಡುಗೆಮನೆಯ ಕಲ್ಲನ್ನು. ಗಲ್ಫಿನಲ್ಲಿರುವ ನನ್ನ ಭಾವನ ಮನೆಯ ಕಲ್ಲಿನಲ್ಲಿ ಫ್ಯಾನಿನ ಧೂಳು ಕೂಡ ಕಾಣುತ್ತದೆ. ನಾನೇನು ಕಡಿಮೆ?

"ಮುಖ ಕಾಣ್ಬೇಕು ಮಾರಾಯ್ರೆ," ಎಂದೆ.

ಕಂಡಿತು. ಎಂಟು ಜನ ಏದುಸಿರು ಬಿಡುತ್ತಾ ಹೊತ್ತು ತಂದು ಇಳಿಸಿದ ಮೇಲೆ ನಾನು ಅದರಲ್ಲಿ ನೋಡಿ ತಲೆ ಬಾಚಿಕೊಂಡೆ. ಬಳೆಗೆ ಹೆದರಿದ ಮನುಷ್ಯ ಕಟ್ಟಡದಲ್ಲೇ ಅತಿ ದೊಡ್ಡ ಕನ್ನಡಿಯನ್ನು ತಾನೇ ಒಳಗೆ ತರಿಸಿದ್ದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಮೊದಲ ದಿನ ನಾನು, ಟೆಕ್ನಿಷಿಯನ್ ಇಬ್ಬರೂ ಹಸಿರು ಕಿರಣವನ್ನು ಕಡಿಮೆ ಶಕ್ತಿಯಲ್ಲಿಟ್ಟು, ಅದನ್ನು ತಿರುಗಿಸುವ ಪುಟ್ಟ ಕನ್ನಡಿಗಳನ್ನು ಸರಿಹೊಂದಿಸುತ್ತಿದ್ದೆವು. ರಕ್ಷಣೆಯ ಕನ್ನಡಕ ಹಾಕಿದರೆ ಆ ಹಸಿರು ಕಾಣುವುದಿಲ್ಲ. ನನಗೆ ಅವಸರ.

"ಕನ್ನಡಕ ತೆಗೀರಿ, ಐದು ನಿಮಿಷದ ಕೆಲಸ," ಎಂದೆ.

"ಬೋರ್ಡಿನಲ್ಲಿ ತೆಗೀಬಾರ್ದು ಅಂತ ಉಂಟಲ್ಲ ಸಾರ್."

"ಬೋರ್ಡು ಬರೆದದ್ದು ನಾನೇ ಅಲ್ವಾ!"

ಅವರು ತೆಗೆದು ಮೇಜಿನ ಆಚೆ ತುದಿಯಲ್ಲಿ ಬಗ್ಗಿದರು. ನಾನು ತಿರುಪು ಬಿಗಿಯುವಾಗ ಒಂದು ಕನ್ನಡಿ ಕೆಳಗೆ ವಾಲಿತು. ಕಿರಣ ಕಲ್ಲಿಗೆ ಬಡಿದು ನೇರ ಅವರ ಮುಖಕ್ಕೆ ಚಿಮ್ಮಿತು. ಅವರು ಎಡಗಣ್ಣು ಮುಚ್ಚಿಕೊಂಡರು. ನಾನು ಲೇಸರ್ ಆರಿಸಿದೆ.

"ಒಂದು ಚುಕ್ಕೆ ಉಂಟು ಸಾರ್. ಹೋಗುದಿಲ್ಲ."

ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ನನಗೆ ಹೆದರಿಕೆಯಾಗಿತ್ತು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬರಿಗಣ್ಣಲ್ಲಿ ಹಿಡಿಯುತ್ತಿದ್ದ ಕಣ್ಣು ಅದು. ಅವರು ಮನೆಗೆ ಫೋನ್ ಮಾಡಿ, ಕೆಲಸ ಹೆಚ್ಚುಂಟು, ತಡವಾಗುತ್ತದೆ ಎಂದು ತುಳುವಿನಲ್ಲಿ ಹೇಳಿದರು. ನನ್ನ ಹೆಸರು ಎತ್ತಲಿಲ್ಲ. ಅದನ್ನು ಕೇಳಿ ನನಗೆ ಇನ್ನಷ್ಟು ನಾಚಿಕೆಯಾಯಿತು.

ಎರಡೂ ಕಣ್ಣಿಗೆ ಮದ್ದಿನ ಹನಿ ಹಾಕಿ ನೋಡಿದ ಡಾಕ್ಟರು, ಶಕ್ತಿ ಕಡಿಮೆಯಿದ್ದದ್ದರಿಂದ ಪೆಟ್ಟಾಗಿಲ್ಲ, ಚುಕ್ಕೆ ಹೋಗುತ್ತದೆ, ಆ ಹನಿಯಿಂದ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ ಅಷ್ಟೇ ಎಂದರು. ಹೊರಗೆ ಬಂದ ಮೇಲೆ ನಾನು ಕ್ಷಮೆ ಕೇಳಿದೆ.

"ಅದು ಆಯ್ತು ಸಾರ್. ಲೇಸರಿನ ಕೀ ಇನ್ನು ನನ್ನ ಹತ್ರ ಇರ್ಲಿ."

ಆ ಕೀ ಇಲ್ಲದೆ ಲೇಸರ್ ಹೊತ್ತುವುದಿಲ್ಲ. ತೆಗೆದು ಕೊಟ್ಟೆ. ಅವರು ಬೆರಳಿನಿಂದ ಸವರಿ, ಅದೇ ಕೀ ಹೌದೆಂದು ಖಾತ್ರಿ ಮಾಡಿಕೊಂಡು ಬ್ಯಾಗಿಗೆ ಹಾಕಿದರು. ಮನೆವರೆಗೆ ಬಿಡುತ್ತೇನೆ ಎಂದರೆ ಒಪ್ಪಲಿಲ್ಲ. "ಬಸ್ಸಿನ ಬೋರ್ಡು ಓದಿ ಹೇಳಿ, ಸಾಕು."

ಉಡುಪಿ ಬಸ್ ನಿಲ್ದಾಣದಲ್ಲಿ ನಿಂತು, ಬಂದ ಬಸ್ಸುಗಳ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದಿದೆ. ಕಾಪುವಿಗೆ ಹೋಗುವ ಬಸ್ಸು ಬಂತು, ಹೇಳಿದೆ. ಅವರು ತಲೆಯಾಡಿಸಿ, ಕಂಡಕ್ಟರನ್ನು ಇನ್ನೊಮ್ಮೆ ಕೇಳಿಯೇ ಹತ್ತಿದರು.