ಬಾಗಿಲ ಹಿಂದಿನ ಲೆಕ್ಕ

ಅಕ್ಕನ ಕೊನೆಯ ಮಾಮೂಲಿ ದಿನ ಒಂದು ಭಾನುವಾರ. ನಮ್ಮೂರು ಉಡಿಗಾಲದಿಂದ ಅವರೆಕಾಯಿ ಹೊತ್ತು ನಾನು ಗುಂಡ್ಲುಪೇಟೆಯ ಅವಳ ಮನೆಗೆ ಹೋಗಿದ್ದೆ. ಅಡುಗೆಮನೆ ಬಾಗಿಲ ಒಳಬದಿಗೆ ಅವಳು ಕಪ್ಪು ಬಣ್ಣ ಹೊಡೆಸಿದ್ದಳು. ಒಲೆಯ ಮೇಲೆ ಸಾರು, ಬಾಗಿಲ ಮೇಲೆ ಲೆಕ್ಕ. ಅವಳ ಟ್ಯೂಷನ್ ನಡೆಯುತ್ತಿದ್ದದ್ದೇ ಹಾಗೆ. ಅವತ್ತು ಕಾಯಿ ಸುಲಿಯುತ್ತಿದ್ದವಳು ಎದ್ದು, ಮೊದಲ ಪಿಯುಸಿ ಓದುವ ಮಗಳಿಗೆ ಒಂದು ಲಿಮಿಟ್ ಲೆಕ್ಕ ಬರೆದಳು. ಮೇಲೆ ಎಕ್ಸ್ ವರ್ಗ ಮೈನಸ್ ಒಂಬತ್ತು, ಕೆಳಗೆ ಎಕ್ಸ್ ಮೈನಸ್ ಮೂರು. ಎಕ್ಸ್ ಮೂರರ ಹತ್ತಿರ ಹೋದರೆ ಬೆಲೆ ಎಷ್ಟು?

"ಮಾಡಿಟ್ಟಿರು ಕಣಮ್ಮಿ, ನಾಳೆ ನೋಡ್ತೀನಿ," ಅಂದಳು.

ಬೆಳಗ್ಗೆ ಎದೆನೋವು ಬಂತು. ಮೈಸೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಆ ಲೆಕ್ಕವನ್ನು ಯಾರೂ ಒರೆಸಲಿಲ್ಲ. ಬಾಗಿಲನ್ನು ಗೋಡೆಗೆ ಒತ್ತಿ ತೆರೆದೇ ಇಟ್ಟೆವು. ಹಾಗಿದ್ದರೆ ಬರಹ ಕಾಣುವುದಿಲ್ಲ. ಹುಡುಗಿ ಗಣಿತದ ಪುಸ್ತಕವನ್ನೂ ಹಾಗೆಯೇ ಕಾಣದ ಕಡೆ ಇಟ್ಟಳು. ಪರೀಕ್ಷೆಗೆ ಕೂರುವುದಿಲ್ಲ ಅಂದಳು. ನಾನು ಏನು ಹೇಳಲಿ? ಅದೇ ಗಣಿತದಲ್ಲಿ ಫೇಲಾಗಿ ಓದು ನಿಲ್ಲಿಸಿದವನು ನಾನು.

ಭಾವನಿಗೆ ಅಡುಗೆ ಬಾರದು, ಹಾಗಾಗಿ ಭಾನುವಾರ ನಾನೇ ಹೋಗಿ ಸಾರು ಮಾಡುತ್ತೇನೆ. ಮೊನ್ನೆ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದೆ. ಮನೆಯೆಲ್ಲ ಕೆಮ್ಮೀತೆಂದು ಬಾಗಿಲು ಎಳೆದುಕೊಂಡೆ. ಎದುರಿಗೆ ಅಕ್ಕನ ಕೈಬರಹ.

ನೀರಿಗೆಂದು ಆಗಲೇ ಒಳಗೆ ಬಂದಿದ್ದ ಹುಡುಗಿಯೂ ನೋಡಿದಳು. ಸುಮ್ಮನಿರಲಾರದೆ ನಾನು ಚಾಕ್‌ಪೀಸ್ ತೆಗೆದುಕೊಂಡೆ. ಎಕ್ಸ್ ಇದ್ದಲ್ಲೆಲ್ಲ ಮೂರು ಹಾಕಿದೆ. ಮೇಲೆ ಸೊನ್ನೆ, ಕೆಳಗೂ ಸೊನ್ನೆ. ಕಾಲೇಜಿನಲ್ಲಿ ಬರೆದಂತೆಯೇ ಬರೆದೆ: ಉತ್ತರ ಒಂದು. ಮೇಲೂ ಕೆಳಗೂ ಒಂದೇ ಇದ್ದರೆ ಒಂದಲ್ಲವೇ, ನೀವೇ ಹೇಳಿ.

ಹುಡುಗಿ ಕೆಮ್ಮುತ್ತಲೇ ನಕ್ಕುಬಿಟ್ಟಳು. "ಸೊನ್ನೆ ಜನಕ್ಕೆ ಸೊನ್ನೆ ಮುದ್ದೆ ಹಂಚ್ಬುಟ್ಟು, ತಲೆಗೊಂದು ಬಂತು ಅಂದನಂತೆ! ಅವ್ವ ವರ್ಷವೂ ಟ್ಯೂಷನ್ನಲ್ಲಿ ಹೇಳ್ತಿದ್ದ ಆ ದಡ್ಡ ನೀನೇನಾ ಮಾವ?"

ನಾನು ಫೇಲಾದಾಗ ಅಕ್ಕ ನನ್ನನ್ನು ಬೈದ ಮಾತು ಅದು, ಒಂದಕ್ಷರ ಬಿಡದೆ. ಇಷ್ಟು ವರ್ಷ ಆ ಅಡುಗೆಮನೆಯಲ್ಲಿ ನಾನು ಪಾಠವಾಗಿದ್ದೆ, ನನಗೇ ಗೊತ್ತಿರಲಿಲ್ಲ.

"ಹೂ ಕಣಮ್ಮಿ, ನಾನೇಯ. ಸರಿಯಾದ್ದು ನೀನೇ ತೋರ್ಸು."

ಅವಳು ಚಾಕ್‌ಪೀಸ್ ಕಸಿದುಕೊಂಡಳು. "ಗೋಪಾಲಸ್ವಾಮಿ ಬೆಟ್ಟಕ್ಕೆ ನಿನ್ ಬೈಕ್ ಬುಡ್ತಾರಾ? ಕೆಳಗೇ ತಡೀತಾರೆ. ಹಂಗಂತ ಮೇಲೆ ಗುಡಿ ಇಲ್ವಾ? ಬೈಕ್ ನಿಲ್ಸು, ಬಸ್ ಹತ್ತು." ಇದೂ ಅಕ್ಕನದೇ ಮಾತು. ಮೇಲಿನದನ್ನು ಎರಡಾಗಿ ಬಿಡಿಸಿದಳು: ಎಕ್ಸ್ ಮೈನಸ್ ಮೂರು, ಎಕ್ಸ್ ಪ್ಲಸ್ ಮೂರು. ಮೇಲೂ ಕೆಳಗೂ ಇದ್ದ ಎಕ್ಸ್ ಮೈನಸ್ ಮೂರನ್ನು ಹೊಡೆದುಹಾಕಿದಳು. "ನಿನ್ ಬೈಕು ಇಲ್ಲೇ ಇರ್ಲಿ." ಉಳಿದದ್ದಕ್ಕೆ ಈಗ ಮೂರು ಹಾಕಿದಳು. ಆರು.

ಒಗ್ಗರಣೆ ಸೀದು ಕರಿಯಾಗಿತ್ತು.

"ಪರೀಕ್ಷೆಗೆ ಕೂರ್ತೀನಿ ಬುಡು ಮಾವ. ಒಬ್ರು ಫೇಲಾಗಿರೋದು ಸಾಕು," ಅಂದಳು.

ಬಾಣಲೆ ತೊಳೆದು ಮತ್ತೆ ಎಣ್ಣೆ ಇಟ್ಟೆ. ಬಾಗಿಲನ್ನು ಈಗ ಗೋಡೆಗೆ ಒತ್ತುವುದಿಲ್ಲ. ಸರಿಯಾದ ಲೆಕ್ಕದ ಪಕ್ಕ ಅಕ್ಕ ಕೆಂಪು ಚಾಕ್‌ಪೀಸಿನಲ್ಲಿ ಒಂದು ಗುರುತು ಹಾಕುತ್ತಿದ್ದಳು. ಆರರ ಪಕ್ಕ ಆ ಗುರುತಿಲ್ಲ.