ಸೋದರತ್ತೆಯ ಪಾಳಿ, ನಾಯಿಗಳ ಪಾಳಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಬೆಳಗಾವಿಯಲ್ಲಿದ್ದೆವು. ಮನೆಯಲ್ಲಿ ಎರಡು ನಾಯಿಗಳು, ಒಂದು ಕರಿಯದು, ಒಂದು ಕಂದು. ಆ ದೀಪಾವಳಿಗೆ ಅಪ್ಪನ ಅಕ್ಕ, ನನ್ನ ಸೋದರತ್ತೆ, ಎಂಟು ದಿನ ಇರಲೆಂದು ಖಾನಾಪುರದಿಂದ ಬಂದರು. ಬೊಗಳುವ ಸದ್ದು ಎರಡು ಓಣಿ ಆಚೆ ಕೇಳಿದರೂ ಅವರು ಕಾಲು ಮೇಲೆತ್ತಿಕೊಳ್ಳುತ್ತಿದ್ದರು.

ಅಪ್ಪ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಸುಪರ್‌ವೈಸರ್. ಯಾವ ತೊಂದರೆಗೂ ಅವರ ಬಳಿ ಇದ್ದ ಪರಿಹಾರ ಒಂದೇ, ಪಾಳಿ. ನಾಯಿಗಳನ್ನು ಬಿಟ್ಟಾಗ ಅತ್ತೆ ಕೋಣೆಯಲ್ಲಿ, ಹೊರಗಿನಿಂದ ಚಿಲಕ. ಅತ್ತೆ ಹೊರಬಂದಾಗ ನಾಯಿಗಳು ಹಿತ್ತಲಲ್ಲಿ, ಸರಪಳಿಗೆ. ಪಾಳಿ ಬದಲಾದಾಗ ತಾಟು ಬಡಿಯುವ ಕೆಲಸ ಹೈಸ್ಕೂಲು ಹುಡುಗಿಯಾಗಿದ್ದ ನನ್ನದು.

ಮೂರನೆಯ ದಿನ ಅತ್ತೆ ಕೋಣೆಯೊಳಗಿಂದ ಅವ್ವನನ್ನು ಕರೆದರು.

"ಒಂದ್ ಮಾತ ಕೇಳತೇನಿ. ಕಟ್ಟಿ ಹಾಕಿದ್ದು ನಾಯಿಗೋಳನ್ನೋ, ನನ್ನನ್ನೋ?"

ಅವ್ವ ಚಕ್ಕುಲಿ ಕರಿಯುತ್ತಿದ್ದಳು. "ಪಾಳಿ ಪ್ರಕಾರ ಇಬ್ಬರನ್ನೂ ರೀ, ಅಕ್ಕಾರ."

"ನಿನ್ನಿ ಓಣಿಯವರು ಹಬ್ಬದ ಫರಾಳ ತಿನ್ನಾಕ ಬಂದಾಗ ನಾ ಒಳಗ. ಮಾತು ಅರ್ಧಾನ ಕೇಳಿಸಿತು. ಯಾರ ಮಗಳ ಲಗ್ನ ಮುರೀತು?"

ಬಡಿಸುವ ಗಡಿಬಿಡಿಯಲ್ಲಿದ್ದ ಅವ್ವನಿಗೂ ಪೂರ್ತಿ ಗೊತ್ತಿರಲಿಲ್ಲ.

ಸಂಜೆ ಅಪ್ಪ ಬಂದೊಡನೆ ಅತ್ತೆ ಹೇಳಿದರು: "ಕಡೀತಾವಂತ ಅಂಜಿಕಿ ಅಲ್ಲೋ ತಮ್ಮಾ. ಅವು ಎಲ್ಲಿ ಅದಾವಂತ ಗೊತ್ತಾಗೂದಿಲ್ಲಲ್ಲ, ಅದರ ಅಂಜಿಕಿ. ಸರಪಳಿ ನನ್ನ ಕೈಯಾಗ ಕೊಡು."

ಅಪ್ಪ ಹಿತ್ತಲಿನಿಂದ ನಾಯಿಗಳನ್ನು ಕರೆತಂದು ಎರಡೂ ಸರಪಳಿ ಕೊಟ್ಟರು. ಅತ್ತೆ ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತು ಸರಪಳಿಗಳನ್ನು ಬಿಗಿಯಾಗಿ ಹಿಡಿದರು. ನಾಯಿಗಳು ಕೆಳಗೆ ಮಲಗಿ ನಿದ್ದೆ ಮಾಡಿದವು. ಒಂದು ತಾಸಿನ ಮೇಲೆ ಅತ್ತೆಯ ಒಂದು ಕಾಲು ಕೆಳಗಿಳಿಯಿತು. ಇನ್ನೊಂದು ಮರುದಿನ ಇಳಿಯಿತು.

ಆಮೇಲೆ ಸರಪಳಿಗಳು ಅವರ ಕೈಬಿಡಲಿಲ್ಲ. ಊಟಕ್ಕೆ ಕೂತಾಗಲೂ ಎಡಗೈಯಲ್ಲಿ ಇರುತ್ತಿದ್ದವು. ಸ್ನಾನಕ್ಕೆ ಹೋಗುವಾಗ ಮಾತ್ರ ನನಗೆ ಒಪ್ಪಿಸಿ, ಬಂದು ತಿರುಗಿ ಪಡೆಯುತ್ತಿದ್ದರು. ಈಗ ತೊಂದರೆ ಬೇರೆಯವರಿಗಾಯಿತು. ಓಣಿಯ ಹೆಂಗಸರು ಗೇಟಿನಲ್ಲೇ ನಿಂತು, "ನಾಯಿ ಕಟ್ಟೀರೇನ್ರೀ?" ಎಂದು ಕೇಳಿದರು.

"ಹೂಂ, ನನ್ನ ಕೈಯಾಗ ಅದಾವು. ಬರ್ರಿ, ಕುಂದರ್ರಿ," ಎಂದರು ಅತ್ತೆ.

ಯಾರೂ ಒಳಗೆ ಬರಲಿಲ್ಲ. ಕೊನೆಗೆ ಅತ್ತೆಯೇ ಎರಡೂ ನಾಯಿಗಳೊಡನೆ ಗೇಟಿನವರೆಗೆ ಹೋಗಿ, ಮುರಿದ ಲಗ್ನದ ಕಥೆಯನ್ನು ನಿಂತಲ್ಲೇ ಪೂರ್ತಿ ಕೇಳಿಕೊಂಡು ಬಂದರು. ಅವ್ವನಿಗೂ ಅದು ತಿಳಿದದ್ದು ಹಾಗೆಯೇ.

ಎಂಟು ದಿನಕ್ಕೆಂದು ಬಂದವರು ಹನ್ನೆರಡು ದಿನ ಇದ್ದು ಹೋದರು. ಖಾನಾಪುರ ಮುಟ್ಟಿ ಹದಿನೈದು ದಿನಕ್ಕೆ ಕಾಗದ ಬಂತು. ಅಲ್ಲಿ ಯಾರೋ ನಾಯಿಮರಿ ಕೊಡಲು ಬಂದಿದ್ದರಂತೆ, ಅತ್ತೆ ಬೇಡವೆಂದು ಕಳಿಸಿದರಂತೆ. ಪರಿಚಯವಿಲ್ಲದ ನಾಯಿಗಳಿಗೆ ತಾನು ಇನ್ನೂ ಅಂಜುತ್ತೇನೆ ಎಂದು ಬರೆದಿದ್ದರು.