ಕತ್ತರಿಯ ದಲಾಲಿ

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಪಹಣಿ ಪ್ರತಿ, ಅರ್ಜಿ ನಮೂನೆ, ಅಷ್ಟಿಷ್ಟು ಮದುವೆ ಪತ್ರಿಕೆ. ಗಿರಾಕಿಗಳಿಗಿಂತ ಬಿಡುವೇ ಹೆಚ್ಚು. ಆ ಬಿಡುವಿನಲ್ಲಿ ಒಂದು ವೆಬ್‌ಸೈಟ್ ಶುರು ಮಾಡಿದೆ. ಹೊಲ ತೋಟಕ್ಕೆ ಬೇಕಾಗುವ ಸಣ್ಣಪುಟ್ಟ ಸಾಮಾನುಗಳಲ್ಲಿ ಯಾವುದು ಒಳ್ಳೆಯದು ಎಂದು ಕನ್ನಡದಲ್ಲಿ ಬರೆಯುವುದು, ಕೆಳಗೊಂದು ಲಿಂಕ್ ಕೊಡುವುದು. ಓದಿದವರು ಆ ಲಿಂಕ್ ಒತ್ತಿ ಆನ್‌ಲೈನ್ ಅಂಗಡಿಯಲ್ಲಿ ಕೊಂಡರೆ ನನಗೆ ಸ್ವಲ್ಪ ಕಮಿಷನ್ ಬರುತ್ತದೆ. ಕೊಂಡವರು ಯಾರು, ಯಾವ ಊರಿನವರು ಎಂಬುದು ಮಾತ್ರ ನನಗೆ ಕಾಣುವುದಿಲ್ಲ. ಆಗ ಇದೇ ದೊಡ್ಡ ಅನುಕೂಲ ಅನ್ನಿಸಿತ್ತು.

ಟಿಕೋಟಾದ ಮನೆಯಲ್ಲಿ ಅಪ್ಪನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವನು ಮೂವತ್ತು ವರ್ಷ ದನದ ಸಂತೆಯಲ್ಲಿ ಎತ್ತಿನ ದಲಾಲಿ ಮಾಡಿದವನು.

"ಅಂದ್ರ ಇದೂ ದಲಾಲಿನ ಅನ್ನು."

"ದಲಾಲಿ ಅಲ್ಲ ಯಪ್ಪಾ, ಅಫಿಲಿಯೇಟ್ ಮಾರ್ಕೆಟಿಂಗ್."

"ಹೆಸರ ಚಲೋ ಐತಿ," ಎಂದು ಅಪ್ಪ ಎಲೆಗೆ ಸುಣ್ಣ ಹಚ್ಚತೊಡಗಿದ.

ಹಲವು ತಿಂಗಳು ನನ್ನ ಸೈಟಿಗೆ ನಾನೊಬ್ಬನೇ ಓದುಗ. ಆಮೇಲೆ ದ್ರಾಕ್ಷಿ ಚಾಟ್ನಿಯ ಕಾಲ ಬಂತು. ನಮ್ಮ ಕಡೆ ಬಳ್ಳಿಯ ಕಡ್ಡಿ ಕತ್ತರಿಸುವುದಕ್ಕೆ ಚಾಟ್ನಿ ಅನ್ನುತ್ತೇವೆ. ಅಕ್ಟೋಬರ್ ಹತ್ತಿರ ಬಂದಂತೆ ಎಲ್ಲರಿಗೂ ಕತ್ತರಿ ಬೇಕು, ಎಲ್ಲರ ಕೈಯಲ್ಲೂ ಮೊಬೈಲ್. "ಚಾಟ್ನಿಗೆ ಐದು ಉತ್ತಮ ಕತ್ತರಿಗಳು" ಎಂಬ ನನ್ನ ಪುಟ ಸರ್ಚಿನಲ್ಲಿ ಎಲ್ಲಕ್ಕಿಂತ ಮೇಲೆ ಬಂದು ಕೂತಿತು. ಕಾರಣ ಸರಳ, ಅದರ ಬಗ್ಗೆ ಕನ್ನಡದಲ್ಲಿ ಬೇರೆ ಯಾರೂ ಬರೆದಿರಲಿಲ್ಲ. ಕಮಿಷನ್ ಬಂದ ದಿನ ಅಂಗಡಿಯಲ್ಲಿ ಒಬ್ಬನೇ ಕೂತು ಬಾಸುಂದಿ ತಿಂದೆ.

ಈಗ ನಿಜ ಹೇಳಬೇಕು. ಆ ಐದರಲ್ಲಿ ಒಂದನ್ನೂ ನಾನು ಕೈಯಲ್ಲಿ ಹಿಡಿದಿರಲಿಲ್ಲ. ನಮ್ಮ ಮನೆತನದಲ್ಲಿ ದ್ರಾಕ್ಷಿ ತಿಂದವರುಂಟು, ಬೆಳೆದವರಿಲ್ಲ. ಕೊಂಡವರು ಇಂಗ್ಲಿಷಿನಲ್ಲಿ ಬರೆದ ಅಭಿಪ್ರಾಯಗಳನ್ನು ಓದಿ, ಫೋಟೊ ನೋಡಿ, "ಸ್ವತಃ ಬಳಸಿ ನೋಡಿ ಬರೆದದ್ದು" ಎಂದು ಮೇಲೆ ದಪ್ಪ ಅಕ್ಷರದಲ್ಲಿ ಹಾಕಿದ್ದೆ. ಕೆಂಪು ಹಿಡಿಕೆಯ ಕತ್ತರಿಗೆ ಒಂದನೇ ನಂಬರ್ ಕೊಟ್ಟಿದ್ದೆ. ಅದರ ಫೋಟೊ ಚೆಂದವಿತ್ತು, ಕಮಿಷನ್ನೂ ಚೆಂದವಿತ್ತು.

ಒಂದು ಬೆಳಿಗ್ಗೆ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಅಂಗಡಿಗೆ ಬಂದು ಕೈಚೀಲವನ್ನು ಗಾಜಿನ ಮೇಲೆ ಬೋರಲು ಹಾಕಿದರು. ಹತ್ತು ಕೆಂಪು ಕತ್ತರಿಗಳು ಬಿದ್ದವು. ಸೈಟಿನಲ್ಲಿ ನನ್ನ ಅಂಗಡಿಯ ವಿಳಾಸವನ್ನು ನಾನೇ ಜಂಬದಿಂದ ಹಾಕಿಕೊಂಡಿದ್ದೆನಲ್ಲ. ಅವರು ಬಿಜ್ಜರಗಿಯವರು. ಚಾಟ್ನಿ ಮಾಡುವ ಹತ್ತು ಹೆಂಗಸರ ಗ್ಯಾಂಗಿಗೆ ಅವರೇ ಮುಂದಾಳು.

"ನೀವ ಬರದದ್ದು ನಾ ಎಲ್ಲಾರಿಗೂ ಓದಿ ಹೇಳೀನ್ರಿ. ನಾ ಹೇಳೀನಂತ ಹತ್ತೂ ಮಂದಿ ತಮ್ಮ ರೊಕ್ಕದಾಗ ತಗೊಂಡಾರ. ಮೂರ ದಿನದಾಗ ಎಲ್ಲಾರ ಕೈಗೂ ಬೊಬ್ಬಿ ಬಂದಾವು. ನಾಕ ಮಂದಿ ನನ್ನ ಮ್ಯಾಲೆ ಸಿಟ್ಟಾಗಿ, ಕತ್ತರಿ ನನ್ನ ಮುಂದ ಒಗದು ಬ್ಯಾರೆ ಗ್ಯಾಂಗಿಗೆ ಹೋಗ್ಯಾರ. ಈಕಿ ರೊಕ್ಕಾ ತಿಂದಾಳ ಅಂತಾರ."

ವಾಪಸು ಕಳಿಸಲು ಇನ್ನೂ ಅವಧಿ ಇದೆ, ನಾನೇ ಅರ್ಜಿ ತುಂಬಿ ಕೊಡುತ್ತೇನೆ ಎಂದೆ.

"ಅದು ನನಗೂ ಗೊತ್ತೈತ್ರಿ. ನಾ ಕೇಳಾಕ ಬಂದದ್ದು ಬ್ಯಾರೆ. ಇದನ್ನ ನೀವ ಎಷ್ಟ ದಿನಾ ಹಿಡದ ನೋಡೀರಿ?"

"ಒಂದ ವಾರ," ಅಂದುಬಿಟ್ಟೆ. ಬಾಯಿಗೆ ಅದೇ ಬಂತು.

ಅವರು ನನ್ನ ಅಂಗೈ ನೋಡಿದರು. "ವಾರ ಹಿಡದ ಕೈ ಹಿಂಗ ಇರಂಗಿಲ್ರಿ," ಎಂದು ಸಮಾಧಾನವಾಗಿಯೇ ಹೇಳಿ, ಒಂದು ಕತ್ತರಿಯನ್ನು ನನ್ನ ಕೀಬೋರ್ಡಿನ ಪಕ್ಕ ಇಟ್ಟು, ಉಳಿದವನ್ನು ತುಂಬಿಕೊಂಡು ಹೋದರು. ಬೈದಿದ್ದರೆ ಹಗುರಾಗುತ್ತಿತ್ತು. ಪಹಣಿಗೆ ಬಂದ ಗಿರಾಕಿಯ ಎದುರಿಗೇ ನನ್ನ ಮುಖ ಇಷ್ಟಾಗಿತ್ತು.

ಸಂಜೆ ಅಪ್ಪನಿಗೆ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ನಾ ಎತ್ತು ಕೊಡಿಸಿದ್ರ ಎಂಟನೇ ದಿನಕ್ಕ ತಗೊಂಡಾವನ ಮನಿಗೆ ಹೋಗತಿದ್ದೆ. ಎತ್ತು ಮೇಯ್ತೈತೇನು, ನೊಗಕ್ಕ ಹೆಗಲ ಕೊಡತೈತೇನು, ನಿಂತ ನೋಡತಿದ್ದೆ. ಕುಂಟತಿದ್ರ ಬೈಸಿಕೊಂಡು, ಅದನ್ನ ಮಾರಿದಾವನ ಮನಿಗೆ ಹೊಡಕೊಂಡ ಹೋಗತಿದ್ದೆ. ಸಂತ್ಯಾಗ ಎಲ್ಲಾ ದಲಾಲರೂ ಹಂಗ ಮಾಡತಿದ್ರು. ನಿನ್ನ ಮಾರ್ಕೆಟಿಂಗ್‌ದಾಗ ಎಂಟನೇ ದಿನಾ ಇಲ್ಲೇನಲೇ?"

ಇರಲಿಲ್ಲ. ಲಿಂಕ್ ಒತ್ತಿದ ಮೇಲೆ ಅವರು ಯಾರೋ, ನಾನು ಯಾರೋ.

ಮರುದಿನ ಅಂಗಡಿ ತೆರೆಯದೆ ಬೈಕ್ ಹತ್ತಿ ಬಿಜ್ಜರಗಿಗೆ ಹೋದೆ. ಕೇಳುತ್ತ ಕೇಳುತ್ತ ತೋಟ ಸಿಕ್ಕಿತು. ಆರು ಜನ ಹೆಂಗಸರು, ಇನ್ನೂ ಮುಟ್ಟದ ಸಾಲುಗಳು ಕಣ್ಣು ಹಾಯುವಷ್ಟು ದೂರ.

"ಬೈಸಿಕೊಳ್ಳಾಕ ಬಂದೀನ್ರಿ ಅಕ್ಕಾರ," ಎಂದು ಮುಂದಾಳಿಗೆ ಹೇಳಿದೆ.

"ಬೈಯಾಕ ಯಾರಿಗೈತ್ರಿ ವ್ಯಾಳ್ಯಾ? ಆ ಸಾಲ ಹಿಡೀರಿ."

ನಾನು ತಂದಿದ್ದ ಕೆಂಪು ಕತ್ತರಿಯೇ ಗತಿ. ಕಡ್ಡಿಗೆ ಎಷ್ಟು ಚಿಗುರುವ ಕಣ್ಣು ಬಿಟ್ಟು ಕತ್ತರಿಸಬೇಕು ಎಂದು ಪಕ್ಕದ ಸಾಲಿನ ಮುದುಕಿ ತೋರಿಸಿಕೊಟ್ಟಳು. ನಾನು ಎಣಿಸುವಷ್ಟರಲ್ಲಿ ಆಕೆ ಮುಂದಿನ ಬಳ್ಳಿ ಮುಗಿಸಿರುತ್ತಿದ್ದಳು. ಕತ್ತರಿಯ ಚಿಲಕ ನಾಲ್ಕು ಸಲಕ್ಕೊಮ್ಮೆ ತಾನೇ ಬಿದ್ದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಹಿಡಿಕೆ ಎಷ್ಟು ಅಗಲವೆಂದರೆ ನನ್ನ ಬೆರಳೇ ಹಿಗ್ಗಿಸಿ ಹಿಡಿಯಬೇಕು. ಇಂಗ್ಲಿಷಿನಲ್ಲಿ ಹೊಗಳಿದವರೆಲ್ಲ ಮನೆ ಮುಂದೆ ನಾಲ್ಕು ಗುಲಾಬಿ ಗಿಡ ಇಟ್ಟುಕೊಂಡ ಗಂಡಸರಿರಬೇಕು. ಈ ಹೆಂಗಸರು ದಿನವಿಡೀ ಎಷ್ಟು ಸಾವಿರ ಸಲ ಅದನ್ನು ಒತ್ತಬೇಕು ಎಂಬುದು ನನಗಾಗಲಿ ಆ ಹೊಗಳಿದವರಿಗಾಗಲಿ ಹೊಳೆದಿರಲಿಲ್ಲ.

ಒಂದು ಸಾಲು ದಾಟುವಷ್ಟರಲ್ಲಿ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದಿತು. ಊಟದ ಹೊತ್ತಿಗೆ ಅದು ಒಡೆದು ಪಕ್ಕದಲ್ಲೇ ಇನ್ನೊಂದು. ಅವರ ಬುತ್ತಿಯಲ್ಲಿ ನನಗೂ ಪಾಲು ಕೊಟ್ಟರು, ಖಡಕ್ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ರೊಟ್ಟಿ ಮುರಿಯಲು ಕೈ ಬಾರದೆ ಒದ್ದಾಡುತ್ತಿದ್ದರೆ ಮುದುಕಿ, "ಕೊಡ್ರಿ ಇಲ್ಲಿ, ವಾರ ಹಿಡದವ್ರು," ಎಂದು ಮುರಿದು ಕೊಟ್ಟಳು. ಆರೂ ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಾಚಿಕೆಯೂ ಆಗುತ್ತಿತ್ತು, ಯಾಕೋ ಮನಸ್ಸೂ ನಿರಾಳವಾಗುತ್ತಿತ್ತು.

ಮಧ್ಯಾಹ್ನ ಅಕ್ಕಾರು ತಮ್ಮ ಹಳೆಯ ಕತ್ತರಿ ಕೊಟ್ಟರು. ತುಕ್ಕು ಬಣ್ಣ, ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿತ್ತು. ಬೆಣ್ಣೆ ಕೊಯ್ದ ಹಾಗೆ ಕಡ್ಡಿ ಬಿತ್ತು.

ಮರುದಿನ ಅಂಗಡಿಯಲ್ಲಿ ಕೂತು ಆ ಪುಟವನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆದೆ. "ಈ ಐದು ಕತ್ತರಿಗಳಲ್ಲಿ ಒಂದನ್ನೂ ನಾನು ಮುಟ್ಟದೆ ಹೊಗಳಿದ್ದೆ. ಅದು ಸುಳ್ಳು. ಕೆಂಪು ಹಿಡಿಕೆಯದನ್ನು ಈಗ ಅರ್ಧ ದಿನ ಹಿಡಿದಿದ್ದೇನೆ, ಹೆಣ್ಣುಮಕ್ಕಳ ಕೈಗೆ ಅದು ಆಗುವುದಿಲ್ಲ. ನನ್ನ ಮಾತು ನಂಬಿ ಇನ್ನೊಬ್ಬರಿಗೆ ಹೇಳಿದವರ ತಪ್ಪು ಇದರಲ್ಲಿಲ್ಲ." ಲಿಂಕುಗಳನ್ನು ತೆಗೆದು ಆ ಜಾಗದಲ್ಲಿ ನನ್ನ ಅಂಗೈಯ ಫೋಟೊ ಹಾಕಿದೆ. ಚಾಟ್ನಿಯ ಭರದಲ್ಲೇ ನನ್ನ ಕಮಿಷನ್ ನಿಂತುಹೋಯಿತು. ಹೊಟ್ಟೆ ಉರಿಯಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಎರಡು ದಿನ ಬಿಟ್ಟು ಅಕ್ಕಾರು ಕತ್ತರಿಗಳನ್ನು ವಾಪಸು ಕಳಿಸಲು ಬಂದರು. ಒಂಬತ್ತು ಅರ್ಜಿ ತುಂಬಿ ಕೊಟ್ಟೆ. ನನ್ನ ಹತ್ತಿರವಿದ್ದ ಹತ್ತನೆಯದರ ಹಣವನ್ನು ಅವರ ಕೈಗೆ ಕೊಟ್ಟು, ಅದನ್ನು ನಾನೇ ಇಟ್ಟುಕೊಂಡೆ. ಎಲ್ಲ ಮುಗಿದರೂ ಅವರು ಎದ್ದೇಳಲಿಲ್ಲ.

"ನೀವ ಹೊಸಾದ ಬರದದ್ದು ನೋಡೀನಿ. ಅದನ್ನ ಪ್ರಿಂಟ್ ತಗದ ಕೊಡ್ರಿ."

"ಎಷ್ಟ್ರಿ?"

"ನಾಕು. ಕೆಳಗ ಸೈನ್ ಮಾಡ್ರಿ."

ನಾಲ್ಕು ಹಾಳೆಯ ಮೇಲೆ, ಬೊಬ್ಬೆ ಒಡೆದ ಕೈಯಲ್ಲಿ, ಸುಳ್ಳು ಹೇಳಿದ್ದೇನೆ ಎಂಬ ಮಾತಿನ ಕೆಳಗೆ ನಾಲ್ಕು ಸಲ ಸಹಿ ಹಾಕಿದೆ. ಸಾಲಿನಲ್ಲಿ ನಿಂತಿದ್ದ ಗಿರಾಕಿಗಳು ಕತ್ತು ಉದ್ದ ಮಾಡಿ ಓದುತ್ತಿದ್ದರು. ಪ್ರಿಂಟಿಗೆ ದುಡ್ಡು ಬೇಡವೆಂದೆ. ಅವರು ಚಿಲ್ಲರೆ ಎಣಿಸಿ ಗಾಜಿನ ಮೇಲೆ ಇಟ್ಟೇ ಹೋದರು.

ಮುಂದಿನ ವಾರ ಅವರ ಫೋನ್ ಬಂತು. ಬಬಲೇಶ್ವರದ ಹತ್ತಿರ ದೊಡ್ಡ ತೋಟವೊಂದರ ಚಾಟ್ನಿ ಹಿಡಿದಿದ್ದರಂತೆ. ಹಿಂದೆ ಹೆಂಗಸರ ಗದ್ದಲ, ನಗು, ಕತ್ತರಿಗಳ ಚಕ್ ಚಕ್ ಸದ್ದು.

"ಎಷ್ಟ ಮಂದಿ ಅದೀರಿ ಅಕ್ಕಾರ?" ಎಂದು ಅಂಜುತ್ತಲೇ ಕೇಳಿದೆ.

"ಹತ್ತೂ ಮಂದಿ. ನಾಕೂ ಜನಾ ಆ ಹಾಳಿ ಹಿಡಕೊಂಡ ಬಂದಾರ, ತಪ್ಪ ತಿಳಕೊಂಡಿದ್ವಿ ಅಂದ್ರು."

ಕಮಿಷನ್ ಬಂದ ದಿನ ಕೂಡ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

"ಅದಿರಲಿ, ಕೇಳ್ರಿ," ಎಂದರು ಅಕ್ಕಾರು. "ಇಲ್ಲಿ ತೋಟದವ್ರ ಹತ್ರ ಒಂದ ಹೊಸಾ ಕತ್ತರಿ ಐತಿ, ಹಿಡಕಿ ಸಣ್ಣದು. ಹತ್ತೂ ಮಂದಿ ಹಿಡದ ನೋಡಾಕತ್ತೀವಿ. ತೋಟ ಮುಗದಮ್ಯಾಲೆ ಹೇಳತೀನಿ, ಆಮ್ಯಾಲೆ ಬರೀರಿ. ಆದ್ರ ದಲಾಲಿಯೊಳಗ ಅರ್ಧಾ ನಮಗ."

ದಲಾಲನ ಮಗನಾಗಿದ್ದರೂ ಆವತ್ತು ನಾನು ಚೌಕಾಶಿ ಮಾಡಲಿಲ್ಲ.